ಒತ್ತು

ಪರೀಕ್ಷೆಯ ಕೋಣೆಯಲ್ಲಿ ನಾನು ಮಾತಾಡುವಂತಿಲ್ಲ.
ಇಪ್ಪತ್ತೆರಡು ಕಂಪ್ಯೂಟರು, ಹತ್ತೊಂಬತ್ತು ಚಾಲೂ,
ಚಿಂತಾಮಣಿ ರಸ್ತೆಯ ಮಹಡಿ, ಕೆಳಗೆ ಪಂಕ್ಚರ್ ಅಂಗಡಿ.
ಕಿಟಕಿ ತೆಗೆದರೆ ಬೆಂದ ಹುಳುವಿನ ವಾಸನೆ;
ಊರಿನವರಿಗೆ ಅದು ವಾಸನೆಯಲ್ಲ, ಹವೆ.

ಮನೆಮಾತು ಕನ್ನಡವಲ್ಲದವರಿಗೆ ಕನ್ನಡ ಪರೀಕ್ಷೆ.
ನನ್ನದೂ ಅಲ್ಲ, ಹಾಗೆ ನೋಡಿದರೆ.
ನಮ್ಮಮ್ಮ ಬೈದದ್ದೆಲ್ಲ ತೆಲುಗಿನಲ್ಲಿ.

ಹದಿನಾಲ್ಕನೇ ಸೀಟು: ಶಾಹಿಸ್ತಾ ಬಾನು.
ಹನ್ನೊಂದು ವರ್ಷ ನೂಲು ಬಿಚ್ಚಿದ ಕೈ,
ಕುದಿನೀರಿನ ತೊಟ್ಟಿಗೆ ಬೆರಳಿಟ್ಟು
ಕಣ್ಣಿಗೆ ಕಾಣದ ತುದಿ ಹಿಡಿದು
ಎಂಟು ಗೂಡಿನ ಎಂಟೆಳೆ ಒಂದು ಮಾಡಿ,
ಕಡಿದರೆ, ಚರಕ ನಿಲ್ಲಿಸದೆ,
ಹೊಸ ಎಳೆ ಎಸೆದು ಅಂಟಿಸುವ ಕೈ.
ಓಣಿಯ ಅರ್ಜಿಗಳೆಲ್ಲ ಅವಳ ಬರಹವೇ:
ನಲ್ಲಿಯಲ್ಲಿ ನೀರಿಲ್ಲ, ವಿಧವಾ ವೇತನ ನಿಂತಿದೆ,
ಮಗಳ ಹೆಸರಲ್ಲಿ ಒಂದಕ್ಷರ ತಪ್ಪಿದೆ ಸ್ವಾಮಿ.
ಆ ಸ್ವಾಮಿಯ ಒತ್ತಿಗೆ ಉದ್ದ ಬಾಲ ಎಳೆಯುತ್ತಾಳೆ.
ಪುರಸಭೆಯ ಗುಮಾಸ್ತರಿಗೆ ಆ ಬಾಲದ ಗುರುತಿದೆ.

ಪ್ರಶ್ನೆ: ನಿಮ್ಮ ಊರಿನ ಬಗ್ಗೆ ನೂರು ಪದ ಬರೆಯಿರಿ.
ಊರಿನ ಹೆಸರಿಗೇ ನಿಂತುಬಿಟ್ಟಳು.

ಶಿಡಲಘಟಟ
ಎಂದು ಬಂತು ಪರದೆಯಲ್ಲಿ.
ಅಳಿಸಿದಳು. ಶಿಡಲಘಟ. ಅಳಿಸಿದಳು.
ಒಂಬತ್ತು ಕೀಲಿಯ ಊರು ಇದು:
ಟ ಇರುವುದು ಕ್ಯೂ ಮನೆಯಲ್ಲಿ,
ಡ ಡಬ್ಲ್ಯೂ ಮನೆಯಲ್ಲಿ, ಬೋರ್ಡಿಲ್ಲದ ಬಾಡಿಗೆಯವರು.
ನಡುನಡುವೆ ಎರಡು ಸಲ ಎಫ್.
ಎಫ್ ಇಲ್ಲಿ ಅಕ್ಷರವೇ ಅಲ್ಲ,
ಮೇಲಿನದಕ್ಕೆ ಕೆಳಗಿನದನ್ನು ಹೊಲಿಯುವ ಸೂಜಿ.
ಒತ್ತು ಬೇಕಾದರೆ ಅದನ್ನು ಒತ್ತು. ಅಷ್ಟೇ.
ನನ್ನ ನಾಲಿಗೆಯ ತುದಿಯಲ್ಲಿತ್ತು.
ನಿಯಮ ಏಳು: ಮೇಲ್ವಿಚಾರಕರು ಸುಳಿವು ನೀಡತಕ್ಕದ್ದಲ್ಲ.

ಹದಿನೈದರಲ್ಲಿ ತೇಜೋವರ್ಧನ, ಬಾಗೇಪಲ್ಲಿ ಕಡೆಯವನು,
ಫ್ಲೆಕ್ಸ್ ಅಂಗಡಿಯಲ್ಲಿ ಪಳಗಿದ ಬೆರಳು.
ನಮ್ಮ ಊರು ಉತ್ತಮ ಊರು. ಉತ್ತಮ ಊರಿನಲ್ಲಿ
ಉತ್ತಮ ಜನರು. ಜನರು ನಮ್ಮ ಊರಿನಲ್ಲಿ ಉತ್ತಮ.
ಹನ್ನೊಂದು ನಿಮಿಷಕ್ಕೆ ಮೂಲೆಯ ಲೆಕ್ಕ ನೂರಾಗಿ
ಹಸಿರು ಬಣ್ಣಕ್ಕೆ ತಿರುಗಿತು.
ಹೋಗುವಾಗ ಬಾಗಿಲಲ್ಲಿ ಮೆಲ್ಲಗೆ ಕೇಳಿದ,
ಸಾರ್, ದಿನಾ ಟೈಪ್ ಮಾಡ್ತೀನಿ,
ಹಾರ್ದಿಕ ಅಂದ್ರೆ ಏನು?

ಅವಳು ಅಷ್ಟರಲ್ಲಿ ದಾರಿ ಬದಲಿಸಿದ್ದಳು.
ಒತ್ತಿಲ್ಲದ ಮಾತುಗಳನ್ನೇ ಹುಡುಕಿ, ಒಂದೊಂದೇ ಬೆರಳಲ್ಲಿ:
ನಮದು ಗೂಡಿನ ಊರು. ಬೆಳಗಿನ ಜಾವ ಒಲೆ ಉರಿವುದು.
ನೀರು ಕುದಿವುದು. ಹುಳು ಸಾಯುವುದು. ನೂಲು ಉಳಿಯುವುದು.
ಅಮ್ಮನನ್ನು ಬಿಟ್ಟು ತಾಯಿ ಎಂದಳು.
ಅಕ್ಕನಿಗೆ ಬದಲು ಸಿಗಲಿಲ್ಲ, ಅಕ್ಕ ಬರಲೇ ಇಲ್ಲ.
ಹಬ್ಬ ಬರಲಿಲ್ಲ. ಕಷ್ಟವೂ ಬರಲಿಲ್ಲ.
ಇಲ್ಲ ಎನ್ನುವುದಕ್ಕೂ ಒತ್ತು ಬೇಕು,
ಕನ್ನಡ ಎನ್ನುವುದಕ್ಕೂ.
ನಲವತ್ತೊಂದು ಪದಕ್ಕೆ ಹೊತ್ತು ಮುಗಿದು
ಪರದೆ ತಾನಾಗಿ ಮುಚ್ಚಿಕೊಂಡಿತು.

ರಿಜಿಸ್ಟರಿಗೆ ಸಹಿ ಮಾಡಬೇಕು, ಪೆನ್ನಿನಲ್ಲಿ.
ವಿಳಾಸದ ಅಂಕಣದಲ್ಲಿ ಶಿಡ್ಲಘಟ್ಟ ಎಂದು ಬರೆದಳು,
ಲ-ಒತ್ತು ಟ-ಒತ್ತು ಎರಡೂ
ತೊಟ್ಟಿಲಲ್ಲಿ ಮಲಗಿಸಿದ ಮಕ್ಕಳ ಹಾಗೆ.
ಆ ಪುಟಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ನಿಯಮವಿಲ್ಲ. ಕರೆದು ಹೇಳಿದೆ:
ಎಫ್ ಮೇಲೆ ಸಣ್ಣ ಗೀರಿದೆ, ಮುಟ್ಟಿ ನೋಡಿ,
ಒತ್ತು ಅಲ್ಲೇ.
ಕಣ್ಣು ಮುಚ್ಚಿ ಬೆರಳಾಡಿಸಿದಳು,
ನೀರಲ್ಲಿ ಎಳೆ ಹುಡುಕುವ ಹಾಗೆ. ಒಂದೇ ಸಲಕ್ಕೆ ಸಿಕ್ಕಿತು.
ಇತ್ತಾಚ್? ಎಂದಳು. ಆಮೇಲೆ ನನಗಾಗಿ ಕನ್ನಡದಲ್ಲಿ,
ಇಷ್ಟೇನಾ ಸಾರ್?
ನಾನು ಪ್ಲಗ್ ಕೀಳುವ ನೆವದಲ್ಲಿ ಬಗ್ಗಿದೆ.
ಮೇಲೆ, ಆರಿದ ಪರದೆಯ ಮುಂದೆ,
ಟಕ್ ಟಕ್ ಎಂದು ಒಂಬತ್ತು ಸಲ.
ಎಣಿಸಿದೆ. ಸರಿಯಾಗಿತ್ತು.